ಬೇರುನಾಳ ತೊಳೆಯುವ ದ್ರಾವಣಗಳು ಮತ್ತು ಚಿಕಿತ್ಸೆಯ ನಂತರದ ನೋವು

ಹುಳುಕು ತಿರುಳಿನವರೆಗೆ ಇಳಿದ ಹಲ್ಲನ್ನು ಕೀಳದೆ ಉಳಿಸುವ ರೂಟ್ ಕೆನಾಲ್ ಚಿಕಿತ್ಸೆಯಲ್ಲಿ (ಜನರ ಮಾತಿನಲ್ಲಿ ‘ನರ ತೆಗೆಯುವುದು’) ಬೇರಿನ ನಾಳವನ್ನು ತೊಳೆಯಲು ಕೆಲವು ದ್ರಾವಣಗಳನ್ನು ಬಳಸುತ್ತಾರೆ. ನಾಳದ ಸಣ್ಣ ಕವಲುಗಳಿಗೆ ಫೈಲು (ನಾಳ ಕೆರೆಯುವ ಉಪಕರಣ) ಇಳಿಯುವುದಿಲ್ಲ. ಅಲ್ಲಿ ಕೊಳೆತದ್ದನ್ನು ಕರಗಿಸಿ ಬ್ಯಾಕ್ಟೀರಿಯಾ ಕೊಲ್ಲುವ ಕೆಲಸ ದ್ರಾವಣದ್ದೇ.

ಇವುಗಳಲ್ಲಿ ಮುಖ್ಯವಾದದ್ದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಟ್ಟೆ ಬಿಳುಪು ಮಾಡುವ ಬ್ಲೀಚ್. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯ ತೊಳೆಯಲು ಹೆನ್ರಿ ಡೇಕಿನ್ 1915ರಲ್ಲಿ ಇದನ್ನು ಸುಮಾರು 0.5%ಕ್ಕೆ ತೆಳುವಾಗಿಸಿದರು. ಕೆಲವೇ ವರ್ಷಗಳಲ್ಲಿ ಅದು ದಂತವೈದ್ಯರ ಕೈಗೂ ಬಂತು. 1941ರಲ್ಲಿ ಗ್ರಾಸ್‌ಮನ್ ಮತ್ತು ಮೈಮನ್ ತಿರುಳನ್ನು ಕರಗಿಸುವ ಇದರ ಶಕ್ತಿಯನ್ನು ತೋರಿಸಿಕೊಟ್ಟ ಮೇಲೆ ದ್ರಾವಣದ ಸಾಂದ್ರತೆ 5%ರ ಆಚೆಗೂ ಏರಿತು. ನಾಳದ ಗೋಡೆಗೆ ಮೆತ್ತಿದ ಪುಡಿ ತೆಗೆಯಲು ಇಡಿಟಿಎ ಬಂದದ್ದು 1957ರಲ್ಲಿ. ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ದ್ರಾವಣದಿಂದ ಕಿರಿಕಿರಿ ಕಡಿಮೆ ನಿಜ, ಆದರೆ ಅದು ತಿರುಳನ್ನು ಕರಗಿಸದು.

ಕಡು ಹೈಪೋಕ್ಲೋರೈಟ್ ದ್ರಾವಣದಿಂದ ನೋವು ಹೆಚ್ಚುತ್ತದೆಯೇ? ಸಂಶೋಧನೆಗಳ ಉತ್ತರ ಒಂದೇ ತೆರನಾಗಿಲ್ಲ. ಇರಾನಿನ 2018ರ ಪ್ರಯೋಗದಲ್ಲಿ ಜೀವಂತ ತಿರುಳು ಉರಿಯೂತಗೊಂಡ ದವಡೆಹಲ್ಲುಗಳಿಗೆ 2.5%ಕ್ಕಿಂತ 5.25% ದ್ರಾವಣ ಬಳಸಿದಾಗಲೇ ನೋವು ಕಡಿಮೆ ಇತ್ತು. ಈಜಿಪ್ಟಿನ 2020ರ ಪ್ರಯೋಗದಲ್ಲಿ ತಿರುಳು ಸತ್ತ ದವಡೆಹಲ್ಲುಗಳಿಗೆ 1.3% ದ್ರಾವಣವೇ ಮೇಲೆನಿಸಿತು. ಹಲ್ಲಿನ ಸ್ಥಿತಿ ನೋಡದೆ ಶೇಕಡಾವಾರಿನ ಬಗ್ಗೆ ಮಾತ್ರ ವಾದಿಸುವುದರಲ್ಲಿ ಅರ್ಥವಿಲ್ಲ. ಸುಮಾರು 2.5 ಡಿಗ್ರಿ ಸೆಲ್ಸಿಯಸ್‌ನ ತಣ್ಣನೆ ಸಲೈನಿನಿಂದ ಕೊನೆಯಲ್ಲಿ ತೊಳೆಯುವುದು ಇತ್ತೀಚಿನ ಉಪಾಯ. ಮೊದಲ ದಿನದ ನೋವಿಗೆ ಅದು ಉಪಕಾರಿ ಎನ್ನುವ ವರದಿಗಳಿವೆ.

ಶೇಕಡಾವಾರಿಗಿಂತ ಕೈಚಳಕ ದೊಡ್ಡದು. ಸಿರಿಂಜನ್ನು ಜೋರಾಗಿ ಒತ್ತಿದರೆ, ಸೂಜಿ ನಾಳದಲ್ಲಿ ಸಿಕ್ಕಿಕೊಂಡರೆ ದ್ರವ ಬೇರಿನ ತುದಿ ದಾಟಿ ಮೂಳೆಗೆ ನುಗ್ಗುತ್ತದೆ. ಆಗ ತಡೆಯಲಾರದ ಉರಿ, ನಿಮಿಷಗಳಲ್ಲೇ ಬಾವು, ಕೆನ್ನೆ ಮೇಲೆ ನೀಲಿ ಕಲೆ. ಆದ್ದರಿಂದಲೇ ಪಕ್ಕಕ್ಕೆ ತೂತಿರುವ ಸೂಜಿಯನ್ನು ತುದಿಗಿಂತ ಒಂದೆರಡು ಮಿಲಿಮೀಟರ್ ಮೇಲೆಯೇ ನಿಲ್ಲಿಸಿ, ಮೇಲೆ ಕೆಳಗೆ ಆಡಿಸುತ್ತ, ಮೆಲ್ಲಗೆ ಒತ್ತುವುದು ರೂಢಿ.

ಇಂಥ ಕೈಚಳಕ ಕಲಿಸುವ, ಕರ್ನಾಟಕದ ದಂತ ವೈದ್ಯ ಶಿಕ್ಷಣದ ಹಳೆಯ ಕೇಂದ್ರಗಳಲ್ಲಿ ಮಣಿಪಾಲ (1965), ದಾವಣಗೆರೆಯ ಬಾಪೂಜಿ (1979) ಸೇರಿವೆ. 1986ರಲ್ಲಿ ಶುರುವಾದ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಕೂಡ ಇದೇ ಸಾಲಿನದು.

2011ರ ಒಂದು ಸಮಗ್ರ ಪರಾಮರ್ಶೆಯ ಪ್ರಕಾರ ಚಿಕಿತ್ಸೆಯಾದ 24 ಗಂಟೆಗೆ ಸುಮಾರು 40% ಜನರಿಗೆ ನೋವಿರುತ್ತದೆ. ವಾರದಲ್ಲಿ ಅದು 11%ಕ್ಕೆ ಇಳಿಯುತ್ತದೆ. ಮೊದಲ ದಿನದ ಮಂದ ನೋವಿಗೆ ಗಾಬರಿಯಾಗಬೇಕಿಲ್ಲ. ಮುಖ ಬಾತರೆ ಮಾತ್ರ ಅದೇ ದಿನ ವೈದ್ಯರನ್ನು ಕಾಣಬೇಕು.