ಗ್ಲಾಕೋಮಾ ಶಸ್ತ್ರಚಿಕಿತ್ಸೆಯ ನಂತರದ ಸ್ಟೀರಾಯ್ಡ್ ಹನಿ ಮತ್ತು ಕಣ್ಣಿನ ಒತ್ತಡ

ಗ್ಲಾಕೋಮಾಕ್ಕೆ ಮಾಡುವ ಟ್ರಾಬೆಕ್ಯುಲೆಕ್ಟಮಿ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗಿನ ದ್ರವ ಹೊರಹರಿಯಲು ಬಿಳಿಭಾಗದಲ್ಲಿ ಸಣ್ಣ ದಾರಿ ಮಾಡುತ್ತಾರೆ. ದ್ರವ ಮೇಲುರೆಪ್ಪೆಯಡಿಯ ತೆಳುಪೊರೆಯ ಕೆಳಗೆ ಸೇರಿ ಮೆಲ್ಲಗೆ ಇಂಗುತ್ತದೆ. ದೇಹಕ್ಕೆ ಮಾತ್ರ ಅದೊಂದು ಗಾಯ, ಮುಚ್ಚಲು ನೋಡುತ್ತದೆ. ಬೇರೆಡೆ ಗಾಯ ಬೇಗ ಮಾಯಬೇಕು. ಇಲ್ಲಿ ಪೂರ್ತಿ ಮಾಯಬಾರದು. ಅದಕ್ಕೇ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಹನಿಯನ್ನು ಮೊದಲು ದಿನಕ್ಕೆ ಹಲವು ಬಾರಿ, ಆಮೇಲೆ ಕಡಿಮೆ ಮಾಡುತ್ತಾ ವಾರಗಟ್ಟಲೆ ಹಾಕಿಸುತ್ತಾರೆ.

ತೊಡಕು ಇರುವುದು ಇಲ್ಲಿ. ಅದೇ ಸ್ಟೀರಾಯ್ಡ್ ಕೆಲವರಲ್ಲಿ ಕಣ್ಣಿನ ಒತ್ತಡವನ್ನು ಏರಿಸುತ್ತದೆ, ಗ್ಲಾಕೋಮಾ ಇರುವವರಲ್ಲಿ ಇನ್ನೂ ಹೆಚ್ಚಾಗಿ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ, ಏರಿಕೆ ಹೆಚ್ಚಾಗಿ ಹನಿ ಶುರುವಾದ ಕೆಲವು ವಾರಗಳಲ್ಲಿ ಕಾಣುತ್ತದೆ. ಆದರೆ ಮಾಡಿದ ದಾರಿ ಕಲೆಗಟ್ಟಿ ಮುಚ್ಚುತ್ತಿದ್ದರೂ ಒತ್ತಡ ಏರುತ್ತದೆ. ಮೊದಲನೆಯದಕ್ಕೆ ಸ್ಟೀರಾಯ್ಡ್ ಇಳಿಸಬೇಕು, ಇಲ್ಲವೇ ಲೋಟೆಪ್ರೆಡ್ನಾಲ್‌ನಂಥ ಸೌಮ್ಯವಾದುದಕ್ಕೆ ಬದಲಿಸಬೇಕು. ಎರಡನೆಯದಕ್ಕೆ ಹೆಚ್ಚಿಸಬೇಕಾಗಿ ಬರಬಹುದು. ಒಂದಕ್ಕೊಂದು ತದ್ವಿರುದ್ಧ! ಯಾವುದೆಂದು ವೈದ್ಯರು ಕಣ್ಣು ಪರೀಕ್ಷಿಸಿಯೇ ಹೇಳಬೇಕು. ಒತ್ತಡ ಏರಿದರೂ ಎಷ್ಟೋ ಸಲ ನೋವಿರುವುದಿಲ್ಲ. ಹಾಗಾಗಿ "ಕಣ್ಣು ಚೆನ್ನಾಗಿದೆ" ಎಂದು ತಪಾಸಣೆಗೆ ಹೋಗದಿರುವುದು ಸರಿಯಲ್ಲ. ಕೀಟೊರೊಲ್ಯಾಕ್, ನೆಪಾಫೆನಾಕ್ ಹನಿಗಳು ಸ್ಟೀರಾಯ್ಡ್ ಅಲ್ಲ, ಸಾಮಾನ್ಯವಾಗಿ ಒತ್ತಡ ಏರಿಸುವುದಿಲ್ಲ. ಅವನ್ನೂ ಸ್ವಂತ ನಿರ್ಧಾರದಿಂದ ಬಳಸಬೇಡಿ.

ನಮ್ಮ ಸದಸ್ಯರಿಗೆ ಇನ್ನೊಂದು ಕಷ್ಟವಿದೆ. ತಾಳವಾಡಿಯವರು ಕೊಯಮತ್ತೂರಿನಲ್ಲಿ, ಜತ್ತದವರು ಸಾಂಗಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಹನಿಯ ಚೀಟಿ ತಮಿಳಿನಲ್ಲೋ ಮರಾಠಿಯಲ್ಲೋ ಇರಬಹುದು. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅದು ಬರೀ ಗೀಟು. ಆಸ್ಪತ್ರೆಯಿಂದ ಹೊರಡುವ ಮೊದಲೇ ಯಾವ ಹನಿ, ಯಾವ ಕಣ್ಣಿಗೆ, ಎಷ್ಟು ಸಲ, ಯಾವ ತಾರೀಕಿನವರೆಗೆ ಎಂದು ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಗ್ಲಾಕೋಮಾ ಹನಿಯನ್ನು ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಸಾಮಾನ್ಯವಾಗಿ ನಿಲ್ಲಿಸಿ, ಇನ್ನೊಂದು ಕಣ್ಣಿಗೆ ಮುಂದುವರಿಸುತ್ತಾರೆ. ಮನೆಗಳಲ್ಲಿ ಅದಲುಬದಲಾಗುವುದು ಇದೇ. ಬಾಟಲಿಗಳಿಗೆ ಬಣ್ಣದ ದಾರ ಕಟ್ಟಿದರೆ ಅಕ್ಷರದ ಹಂಗೇ ಬೇಡ.

ಪ್ರೆಡ್ನಿಸೊಲೋನ್ ಅಸಿಟೇಟ್ ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು, ಮದ್ದು ತಳದಲ್ಲಿ ಕೂತಿರುತ್ತದೆ. ಎರಡು ಹನಿಗಳ ನಡುವೆ 5 ನಿಮಿಷ ಬಿಡಿ. ಬಾಟಲಿ ಮುಗಿದಾಗ ಚೀಟಿಯ ಅವಧಿಯೂ ಮುಗಿದಿದ್ದರೆ ಅಂಗಡಿಯಿಂದ ಇನ್ನೊಂದು ತರಬೇಡಿ. ಅವಧಿ ಇನ್ನೂ ಇದ್ದರೆ ಒಂದು ದಿನವೂ ತಪ್ಪಿಸಬೇಡಿ. ಕಣ್ಣು ಕೆಂಪಾಗಿ ನೋವು, ಕೀವು ಅಥವಾ ಮಸುಕು ಬಂದರೆ ಮುಂದಿನ ತಪಾಸಣೆಗೆ ಕಾಯದೆ ಅದೇ ದಿನ ಹತ್ತಿರದ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಶಸ್ತ್ರಚಿಕಿತ್ಸೆಯ ಕಾಗದ ಜೊತೆಗಿರಲಿ.