ಟ್ಯಾಬ್, ಲ್ಯಾಪ್‌ಟಾಪ್ ಕೊಟ್ಟರೆ ಸಾಕೇ? ಮಕ್ಕಳು ತಾವಾಗಿಯೇ ಕಲಿಯುತ್ತಾರೆಯೇ?

‘ಪ್ರತಿ ಮಗುವಿಗೂ ಒಂದು ಟ್ಯಾಬ್ ಕೊಟ್ಟರೆ ಸಾಕು, ಶಾಲೆ ತಾನಾಗಿಯೇ ಸುಧಾರಿಸುತ್ತದೆ’ ಎಂಬಂಥ ಸಂದೇಶಗಳನ್ನು ನಾವು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ನೋಡುತ್ತೇವೆ. ಇದು ನಿಜವೇ?

ದಕ್ಷಿಣ ಅಮೆರಿಕದ ಪೆರು ದೇಶ ಇದನ್ನು ಮಾಡಿಯೇ ನೋಡಿದೆ. ಅಲ್ಲಿ ಶಾಲಾ ಮಕ್ಕಳಿಗೆ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಲಾಯಿತು. ಹಳ್ಳಿಗಾಡಿನ 319 ಶಾಲೆಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಲ್ಯಾಪ್‌ಟಾಪ್ ಸಿಕ್ಕ ಶಾಲೆಗಳಿಗೂ ಸಿಗದ ಶಾಲೆಗಳಿಗೂ ಗಣಿತ, ಭಾಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಯಂತ್ರವೇನೋ ಬಂತು, ಅದನ್ನು ಯಾವ ಪಾಠಕ್ಕೆ ಹೇಗೆ ಬಳಸಬೇಕೆಂಬ ಸ್ಪಷ್ಟ ಯೋಜನೆ ಇರಲಿಲ್ಲ.

ತರಬೇತಿ ಬೇಕಾಗುವುದು ಇಲ್ಲಿಯೇ. ಪ್ರೊಜೆಕ್ಟರ್ ಆನ್ ಮಾಡಲು ಕಲಿಸುವುದನ್ನೇ ತರಬೇತಿ ಎಂದುಕೊಂಡವರು ನಮ್ಮಲ್ಲೂ ಇದ್ದಾರೆ! ಜಿಯೋಜಿಬ್ರಾ ಎಂಬ ಉಚಿತ ಆ್ಯಪ್ ನೋಡಿ. ಅದರಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯೇ. ಶಿಕ್ಷಕರು ಸುಮ್ಮನೆ ಎಳೆದು ತೋರಿಸಿದರೆ ಮಕ್ಕಳಿಗೆ ಅದು ಇನ್ನೊಂದು ವಿಡಿಯೊ ಅಷ್ಟೇ. ಎಳೆಯುವ ಮೊದಲೇ ‘ಮೊತ್ತ ಹೆಚ್ಚಾಗುತ್ತಾ, ಕಡಿಮೆಯಾಗುತ್ತಾ?’ ಎಂದು ಕೇಳಿ, ಉತ್ತರ ಬರೆಸಿ, ಆಮೇಲೆ ತೋರಿಸಿದರೆ ಮಕ್ಕಳು ಯೋಚಿಸುತ್ತಾರೆ. ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು, ಕರೆಂಟ್ ಹೋದರೆ ಕಪ್ಪುಹಲಗೆಯಲ್ಲಿ ಹೇಗೆ ಮುಂದುವರಿಸಬೇಕು ಎಂಬುದೆಲ್ಲ ತರಬೇತಿಯಲ್ಲಿ ರೂಢಿಯಾಗಬೇಕು.

ಊರ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಲು ಹಣ ಸೇರಿಸುತ್ತಿದ್ದೀರಾ? ಶಿಕ್ಷಕರ ತರಬೇತಿಗೆ ಎಷ್ಟು ದಿನ ಇಟ್ಟಿದ್ದಾರೆ ಎಂದು ಮೊದಲು ಕೇಳಿ.