ಮಾಂಟಾ ತೊರಕೆ ಮತ್ತು ಮಲಬಾರ್ ಹಾರುವ ಕಪ್ಪೆ: ವರ್ಗೀಕರಣ, ಸಂರಕ್ಷಣೆ

ದೈತ್ಯ ಮಾಂಟಾ ತೊರಕೆ ಸಮುದ್ರದಲ್ಲಿ ರೆಕ್ಕೆ ಬಡಿಯುತ್ತಾ ಈಜುತ್ತದೆ. ಮಲಬಾರ್ ಹಾರುವ ಕಪ್ಪೆ ಪಶ್ಚಿಮ ಘಟ್ಟದ ಮರಗಳ ನಡುವೆ ತೇಲಿ ಇಳಿಯುತ್ತದೆ. ಎರಡೂ ಬೆನ್ನೆಲುಬಿನ ಪ್ರಾಣಿಗಳೇ, ಆದರೆ ನಂಟು ಬಹಳ ದೂರದ್ದು. ತೊರಕೆ ಶಾರ್ಕಿನ ಬಳಗದ ಮೃದ್ವಸ್ಥಿ ಮೀನು, ಮೊಬ್ಯುಲಿಡೇ ಕುಟುಂಬದ್ದು. ಕಪ್ಪೆ ರಾಕೊಫೊರಿಡೇ ಕುಟುಂಬದ ಉಭಯಚರ. ಒಂದರ ‘ರೆಕ್ಕೆ’ ಅಗಲಕ್ಕೆ ಹರಡಿದ ಎದೆಯ ಈಜುರೆಕ್ಕೆ, ಇನ್ನೊಂದರದು ಬೆರಳುಗಳ ನಡುವಿನ ಕೆಂಪು ಪೊರೆ.

ಮಾಂಟಾದ ಹೆಸರು ಹಲವು ಸಲ ಬದಲಾಯಿತು. ಜರ್ಮನಿಯ ವಾಲ್ಬಾಮ್ 1792ರಲ್ಲಿ ಇದನ್ನು ರಾಜಾ ಬೈರಾಸ್ಟ್ರಿಸ್ ಎಂದು ಕರೆದರು. 1829ರಲ್ಲಿ ಮಾಂಟಾ ಎಂಬ ಕುಲ ಬಂತು. ಬಹುಕಾಲ ಲೋಕದ ಎಲ್ಲ ಮಾಂಟಾಗಳನ್ನೂ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು. ಕಡಲ ತೀರದ ಬಂಡೆಗಳ ಬಳಿಯ ಚಿಕ್ಕ ಮಾಂಟಾ ಬೇರೆಯದೇ ಪ್ರಭೇದವೆಂದು ಆಂಡ್ರಿಯಾ ಮಾರ್ಷಲ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ನಂತರದ ಆನುವಂಶಿಕ ಅಧ್ಯಯನಗಳು ಮಾಂಟಾ ಕುಲವನ್ನೇ ಮೊಬ್ಯುಲಾ ಕುಲದೊಳಗೆ ಸೇರಿಸಿದವು. 2025ರಲ್ಲಿ ಅಟ್ಲಾಂಟಿಕ್‌ನ ಮೂರನೆಯ ಪ್ರಭೇದಕ್ಕೂ ಹೆಸರಿಟ್ಟರು. ಇದು ಬರಿಯ ಹೆಸರಿನ ಜಗಳವಲ್ಲ: ಎಲ್ಲವನ್ನೂ ಒಂದೆಂದು ಎಣಿಸಿದಷ್ಟು ಕಾಲ ಯಾವುದು ಎಷ್ಟು ಕುಸಿಯುತ್ತಿದೆ ಎಂದು ತಿಳಿಯುವಂತಿರಲಿಲ್ಲ.

ಏಳು ಮೀಟರಿನವರೆಗೆ ಅಗಲ ಬೆಳೆಯುವ ದೈತ್ಯ ಮಾಂಟಾ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದೂ ಹಲವು ವರ್ಷಗಳಿಗೊಮ್ಮೆ. ಅದರ ಒಣಗಿಸಿದ ಕಿವಿರು ಚೀನಾದ ಔಷಧಿ ಮಾರುಕಟ್ಟೆಗೆ ಹೋಗುತ್ತದೆ. ಬೇರೆ ಮೀನಿಗೆ ಹಾಸಿದ ಬಲೆಯಲ್ಲೂ ಈ ತೊರಕೆ ಸಿಕ್ಕಿಕೊಳ್ಳುತ್ತದೆ. 2013ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಮಾಂಟಾಗಳ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್ 2011ರಲ್ಲಿ ದೈತ್ಯ ಮಾಂಟಾವನ್ನು ‘ದುರ್ಬಲ’ ವರ್ಗದಲ್ಲಿಟ್ಟಿತ್ತು. 2020ರ ಹೊತ್ತಿಗೆ ‘ಅಳಿವಿನಂಚಿನ’ ವರ್ಗಕ್ಕೆ ಏರಿಸಬೇಕಾಯಿತು.

ಕಪ್ಪೆಯ ಕಥೆ ಚಿಕ್ಕದು. ಮದರಾಸು ಸೇನೆಯ ವೈದ್ಯ ಜೆರ್ಡನ್ 1870ರಲ್ಲಿ ರಾಕೊಫೊರಸ್ ಮಲಬಾರಿಕಸ್ ಎಂಬ ಹೆಸರು ಕೊಟ್ಟರು. ಅದು ಇಂದಿಗೂ ಉಳಿದಿದೆ. ಆದರೆ ಇದನ್ನೇ ಹೋಲುವ ಆನೆಮಲೆಯ ಕಪ್ಪೆಯನ್ನು 2000ದಲ್ಲಿ ವಾಸುದೇವನ್ ಮತ್ತು ದತ್ತ ಬೇರೆ ಪ್ರಭೇದವೆಂದು ಗುರುತಿಸಿದರು. ಮಲಬಾರಿಕಸ್ ಮಾತ್ರ ಐಯುಸಿಎನ್ ಪಟ್ಟಿಯಲ್ಲಿ ‘ಕನಿಷ್ಠ ಕಾಳಜಿ’ಯದು. ಮಳೆ ಹಿಡಿದೊಡನೆ ಆಗುಂಬೆ, ಕೊಡಗಿನ ಕಡೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟಿ, ಅದರೊಳಗೆ ಮೊಟ್ಟೆಗಳನ್ನು ರಾಶಿಯಾಗಿ ಇಡುತ್ತದೆ. ಗೂಡು ಕರಗಿದಾಗ ಗೊದಮೊಟ್ಟೆಗಳು ಕೆಳಗಿನ ಹೊಂಡಕ್ಕೆ ಬೀಳುತ್ತವೆ. ಹೊಂಡ ಮುಚ್ಚಿದಲ್ಲಿ, ಮರ ಕಡಿದಲ್ಲಿ ಗೂಡಿಗೆ ಜಾಗವಿಲ್ಲ.